ನಡುವೆ ನಿಂತ ದುಭಾಷಿ: ಗಡಿಯಾಚೆಯ ಕನ್ನಡ ರೋಗಿಯ ಗೋಪ್ಯತೆ ಮತ್ತು ದಾಖಲೆ

ತಾಳವಾಡಿ ಕಡೆಯ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಘಟ್ಟವಿಳಿದು ಸತ್ಯಮಂಗಲದ ಚಿಕಿತ್ಸಾಲಯವೊಂದಕ್ಕೆ ಬಂದಿದ್ದಾಳೆಂದು ಭಾವಿಸೋಣ. ಆಕೆಯ ಮನೆಮಾತು ಕನ್ನಡ. ಸಂತೆಗೂ ಬಸ್ಸಿಗೂ ಸಾಕಾಗುವಷ್ಟು ತಮಿಳು ಬಲ್ಲಳು. ವೈದ್ಯರಿಗೆ ಕನ್ನಡ ಬಾರದು. ಆದ್ದರಿಂದ ಶಾಲೆಯಲ್ಲಿ ತಮಿಳು ಕಲಿತ ಹದಿನಾರು ವರ್ಷದ ಮಗ ಜೊತೆಗೆ ಬಂದಿದ್ದಾನೆ. ಹಲವು ತಿಂಗಳಿಂದ ಆಕೆಯನ್ನು ಕಾಡುತ್ತಿರುವುದು ನಿಲ್ಲದ ರಕ್ತಸ್ರಾವ. ಏನು ತೊಂದರೆಯೆಂದು ವೈದ್ಯರು ಕೇಳಿದ್ದನ್ನು ಮಗ ಕನ್ನಡಕ್ಕೆ ತಂದಾಗ ತಾಯಿ ಒಂದು ಗಳಿಗೆ ಸುಮ್ಮನಿದ್ದು, "ಹೊಟ್ಟೆನೋವು ಅಂತ ಹೇಳಪ್ಪ" ಎನ್ನುತ್ತಾಳೆ. ಹೊರರೋಗಿ ಚೀಟಿಯಲ್ಲಿ ಹೊಟ್ಟೆನೋವೆಂದೇ ದಾಖಲಾಗುತ್ತದೆ. ಅದಕ್ಕೆ ತಕ್ಕ ಮಾತ್ರೆ ಸಿಗುತ್ತದೆ. ತಾಯಿ ಮಗ ಊರಿಗೆ ಮರಳುತ್ತಾರೆ.

ಇಲ್ಲಿ ಯಾರೂ ರೋಗಿಯ ಗುಟ್ಟನ್ನು ಬಯಲು ಮಾಡಿಲ್ಲ. ವೈದ್ಯರು ನಿಯಮ ಮೀರಿಲ್ಲ, ಕಡತ ಕಳೆದುಹೋಗಿಲ್ಲ. ಆದರೂ ಗೋಪ್ಯತೆಯ ವ್ಯವಸ್ಥೆ ಇಲ್ಲಿ ಪೂರ್ತಿಯಾಗಿ ಸೋತಿದೆ. ಏಕೆಂದರೆ ಹೇಳಬೇಕಾದುದನ್ನು ಹೇಳುವ ಧೈರ್ಯವನ್ನು ರೋಗಿಗೆ ಕೊಡುವುದೇ ಆ ವ್ಯವಸ್ಥೆಯ ಮೊದಲ ಉದ್ದೇಶ. ವೈದ್ಯಕೀಯ ಗೋಪ್ಯತೆಯನ್ನು ಕುರಿತ ನಮ್ಮ ಚರ್ಚೆಗಳೆಲ್ಲ ವೈದ್ಯ ಮತ್ತು ರೋಗಿ ಎಂಬ ಇಬ್ಬರನ್ನು ಕಲ್ಪಿಸಿಕೊಂಡು ನಡೆಯುತ್ತವೆ. ಭಾಷಿಕ ಅಲ್ಪಸಂಖ್ಯಾತ ರೋಗಿಯ ಮಟ್ಟಿಗೆ ಆ ಕೋಣೆಯಲ್ಲಿ ಮೂರನೆಯವರೊಬ್ಬರು ಇದ್ದೇ ಇರುತ್ತಾರೆ. ಆ ಮೂರನೆಯವರ ಬಗ್ಗೆ ನಮ್ಮ ಆರೋಗ್ಯ ಕಾನೂನು ಹೆಚ್ಚುಕಡಿಮೆ ಮೌನವಾಗಿದೆ. ಆ ಮೌನವನ್ನು ತುಂಬದೆ ಗಡಿಯಾಚೆಯ ಕನ್ನಡಿಗನ ಗೋಪ್ಯತೆಯನ್ನಾಗಲಿ ಅವನ ದಾಖಲೆಯ ಸತ್ಯವನ್ನಾಗಲಿ ಕಾಪಾಡಲಾಗದು ಎಂಬುದು ಈ ಲೇಖನದ ನಿಲುವು.

ಗೋಪ್ಯತೆಯ ಈಗಿನ ಚೌಕಟ್ಟು

ವೈದ್ಯನು ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಆಡಬಾರದೆಂಬ ವಿಧಿ ನಮ್ಮಲ್ಲಿ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಶಿಷ್ಯನಿಗೆ ದೀಕ್ಷೆ ಕೊಡುವಾಗ ಗುರು ಹೇಳುವ ನಿಯಮಗಳಲ್ಲಿ ಇದೂ ಒಂದು. ಅದೇ ಸಂದರ್ಭದಲ್ಲಿ, ಮನೆಯವರಿಗೆ ಪರಿಚಿತನಾದ ಮತ್ತು ಒಳಗೆ ಬರಲು ಅನುಮತಿಯುಳ್ಳ ವ್ಯಕ್ತಿಯ ಜೊತೆಗೇ ವೈದ್ಯನು ಪ್ರವೇಶಿಸಬೇಕೆಂದೂ ವಿಧಿಸಲಾಗಿದೆ. ಮೂರನೆಯ ವ್ಯಕ್ತಿಯ ಇರುವಿಕೆಯನ್ನು ಆ ಗ್ರಂಥ ಸಹಜವೆಂದೇ ಸ್ವೀಕರಿಸಿದೆ. ಆದರೆ ಬಾಯಿ ಬಿಗಿಹಿಡಿಯುವ ಹೊಣೆಯನ್ನು ಹೊರಿಸಿರುವುದು ವೈದ್ಯನ ಮೇಲೆ.

ಆಧುನಿಕ ಕಾನೂನು ಕೂಡ ಬಹುಮಟ್ಟಿಗೆ ಇದೇ ದಾರಿಯಲ್ಲಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ, ವೃತ್ತಿಯ ನಡುವೆ ತಿಳಿದುಬಂದ ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡಹುವಂತಿಲ್ಲ. ಇದಕ್ಕೆ ಮೂರು ವಿನಾಯಿತಿಗಳಿವೆ: ನ್ಯಾಯಾಧೀಶರ ಆದೇಶ, ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ, ಮತ್ತು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳು. ೨೦೨೩ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದು, ೨೦೦೨ರ ನಿಯಮಗಳನ್ನೇ ಮತ್ತೆ ಚಾಲ್ತಿಗೆ ತರಲಾಯಿತು.

ಗೋಪ್ಯತೆ ನಿರಪೇಕ್ಷವಲ್ಲವೆಂಬ ಮಾತು ೧೯೯೮ರ 'ಎಕ್ಸ್ ವಿರುದ್ಧ ಜಡ್ ಆಸ್ಪತ್ರೆ' ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಎಚ್‌ಐವಿ ಸೋಂಕಿನ ಸಂಗತಿ ಹೊರಬಿದ್ದು ಮದುವೆ ಮುರಿದುಬಿದ್ದ ವ್ಯಕ್ತಿಯ ಅಹವಾಲು ಅದು. ಮದುವೆಯಾಗಲಿದ್ದ ಹೆಣ್ಣಿನ ಜೀವದ ಹಕ್ಕು ರೋಗಿಯ ಗೋಪ್ಯತೆಗಿಂತ ಮೇಲೆಂದು ನ್ಯಾಯಾಲಯ ಹೇಳಿತು. ೨೦೧೭ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ತೀರ್ಪು ಯಾರ ಹೆಸರಿನಿಂದ ಪ್ರಸಿದ್ಧವಾಗಿದೆಯೋ ಆ ಅರ್ಜಿದಾರ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳು.

ಹೀಗೆ ಚೌಕಟ್ಟು ಗಟ್ಟಿಯಾಗಿಯೇ ಇದೆ. ಆದರೆ ಅದು ಯಾರ ನಾಲಿಗೆಗೆ ಬೀಗ ಹಾಕುತ್ತದೆ? ೨೦೦೨ರ ನಿಯಮಗಳು ನೋಂದಾಯಿತ ವೈದ್ಯರಿಗೆ ಅನ್ವಯಿಸುತ್ತವೆ. ೨೦೧೭ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ ೨೩ನೆಯ ಕಲಮು ಆರೋಗ್ಯ ವೃತ್ತಿಪರರ ಮೇಲೆ ಗೋಪ್ಯತೆಯ ಕರ್ತವ್ಯವನ್ನು ಹೊರಿಸುತ್ತದೆ. ವೈದ್ಯಕೀಯ ಗರ್ಭಪಾತ ಕಾಯ್ದೆಗೆ ೨೦೨೧ರಲ್ಲಿ ಸೇರಿದ ಕಲಮು ಮಹಿಳೆಯ ಹೆಸರು ಮತ್ತು ವಿವರವನ್ನು ಬಹಿರಂಗಪಡಿಸುವ ವೈದ್ಯರಿಗೆ ಒಂದು ವರ್ಷದವರೆಗಿನ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ೨೦೧೭ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಮಾತ್ರ ವಿಶ್ವಾಸದಿಂದ ತಿಳಿಸಿದ ಸಂಗತಿಯನ್ನು ಯಾವ ವ್ಯಕ್ತಿಯೂ ಹೊರಗೆ ಹೇಳಬಾರದೆಂದು ವಿಶಾಲವಾದ ಮಾತಿನಲ್ಲಿ ಹೇಳುತ್ತದೆ. ಉಳಿದ ಕಡೆ ತಾಯಿಯ ಮಾತನ್ನು ತಮಿಳಿಗೆ ತರುವ ಮಗ, ಅತ್ತೆ, ನೆರೆಮನೆಯ ಹುಡುಗಿ, ವಾರ್ಡಿನ ಆಯಾ, ಬಾಗಿಲ ಕಾವಲಿನವ ಇವರಾರೂ ಯಾವ ನಿಯಮಕ್ಕೂ ಕಟ್ಟುಬಿದ್ದವರಲ್ಲ.

ದುಭಾಷಿಯಿಂದ ಆಗುವ ಮೂರು ಬಗೆಯ ಹಾನಿ

ಗಡಿನಾಡಿನ ಕನ್ನಡಿಗರೆಲ್ಲ ದ್ವಿಭಾಷಿಕರೇ ಅಲ್ಲವೇ, ದುಭಾಷಿಯ ಅಗತ್ಯವೆಲ್ಲಿ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಾಸರಗೋಡಿನ ಕನ್ನಡಿಗನಿಗೆ ಮಲಯಾಳ, ಅಕ್ಕಲಕೋಟೆಯವನಿಗೆ ಮರಾಠಿ, ಮಡಕಶಿರಾದವನಿಗೆ ತೆಲುಗು ತಿಳಿದಿರುವುದು ಸಾಮಾನ್ಯ. ಆದರೆ ದ್ವಿಭಾಷಿಕತೆ ಎಲ್ಲ ವ್ಯವಹಾರಕ್ಷೇತ್ರಗಳಲ್ಲಿಯೂ ಸಮನಾಗಿ ಹರಡಿರುವುದಿಲ್ಲ ಎಂಬುದು ನಮ್ಮ ಓದುಗರಿಗೆ ಗೊತ್ತಿರುವ ವಿಷಯ. ಸಂತೆಯ ಭಾಷೆ, ಕಚೇರಿಯ ಭಾಷೆ ಮತ್ತು ಮೈಯ ಭಾಷೆ ಬೇರೆಬೇರೆ. ಮುಟ್ಟು, ಬಿಳಿಸೆರಗು, ಉರಿಮೂತ್ರ, ತಲೆ ಕೆಟ್ಟಂತಾಗುವುದು, ಜೀವ ಬೇಡವೆನಿಸುವುದು ಇವೆಲ್ಲ ತಾಯಿಯಿಂದಲೋ ಅಜ್ಜಿಯಿಂದಲೋ ಪಿಸುಮಾತಿನಲ್ಲಿ ಕಲಿತ ಪದಗಳು. ಎರಡನೆಯ ಭಾಷೆಯಲ್ಲಿ ಇವಕ್ಕೆ ಸಮಾನವಾದುದನ್ನು ಕಲಿಯುವ ಸಂದರ್ಭವೇ ಒದಗಿರುವುದಿಲ್ಲ. ಹೊರಗಿನ ದುಡಿಮೆಗೆ ಹೋಗದ ಹಿರಿಯ ಹೆಂಗಸರಲ್ಲಿ ಈ ಅಂತರ ಇನ್ನೂ ದೊಡ್ಡದು.

ಅಲ್ಲಿ ದುಭಾಷಿ ಬರುತ್ತಾನೆ. ಅವನಿಂದಾಗುವ ಹಾನಿ ಮೂರು ಬಗೆಯದು. ಮೊದಲನೆಯದು ನಮಗೆ ಥಟ್ಟನೆ ಹೊಳೆಯುವಂಥದು: ಕೇಳಿದ್ದನ್ನು ಅವನು ಊರಲ್ಲಿ ಆಡಿಕೊಳ್ಳಬಹುದು. ಕ್ಷಯ, ಬಂಜೆತನ, ಮೂರ್ಛೆರೋಗ, ಗರ್ಭಪಾತ ಇವು ಊರಿನ ಬಾಯಿಗೆ ಬಿದ್ದರೆ ಮದುವೆ ಸಂಬಂಧಗಳವರೆಗೂ ಅದರ ಪರಿಣಾಮ ತಲಪುತ್ತದೆ. ಗಡಿನಾಡಿನಲ್ಲಿ ಕನ್ನಡ ಮಾತನಾಡುವ ಬಳಗವೇ ಚಿಕ್ಕದಾಗಿರುವುದರಿಂದ ದುಭಾಷಿಯೂ ರೋಗಿಯೂ ಒಂದೇ ಊರಿನವರು, ಹಲವು ಸಲ ನಂಟರೇ ಆಗಿರುತ್ತಾರೆ. ಕನ್ನಡ ಬಲ್ಲವರೆಂಬ ಒಂದೇ ಕಾರಣಕ್ಕೆ ಯಾರ ಮುಂದೆ ಬಾಯಿ ಬಿಡಬಾರದೋ ಅವರ ಮುಂದೆಯೇ ಬಾಯಿ ಬಿಡಬೇಕಾಗುತ್ತದೆ.

ಎರಡನೆಯದು, ದುಭಾಷಿಯ ತಿದ್ದುಪಡಿ. ಗಂಡ ಹೆಂಡತಿಯ ಮಾತನ್ನು ಅನುವಾದಿಸುವಾಗ ತನಗೆ ಅಪಮಾನವೆನಿಸುವುದನ್ನು ಬಿಡುತ್ತಾನೆ. ಮೈಮೇಲಿನ ಗಾಯ ಜಾರಿಬಿದ್ದದ್ದರಿಂದ ಆದದ್ದೆಂದು ಹೇಳುವವನು ಆ ಗಾಯಕ್ಕೆ ಕಾರಣನಾದವನೇ ಇರಬಹುದು. ವೈದ್ಯರ ಕಡೆಯಿಂದ ಬರುವ ಕಹಿ ಸುದ್ದಿಯನ್ನು ಮಗಳು ತಂದೆಗೆ ಹೇಳದೆ ಉಳಿಸುತ್ತಾಳೆ. ಪ್ರೀತಿಯಿಂದ ಮಾಡಿದರೂ ಇದರಿಂದ ರೋಗಿಯ ಒಪ್ಪಿಗೆ ಹುಸಿಯಾಗುತ್ತದೆ.

ಮೂರನೆಯದು, ನಾವು ಆರಂಭದಲ್ಲಿ ಕಂಡ ಮೌನ. ಇದು ಉಳಿದೆರಡಕ್ಕಿಂತ ಘೋರವಾದುದು, ಏಕೆಂದರೆ ಇದಕ್ಕೆ ಸಾಕ್ಷಿಯೇ ಇರುವುದಿಲ್ಲ. ಹೇಳದೇ ಉಳಿದದ್ದು ಯಾವ ರಿಜಿಸ್ಟರಿನಲ್ಲಿಯೂ ಕಾಣದು. ದಾಖಲೆಯಲ್ಲಿ ಹೊಟ್ಟೆನೋವೆಂದು ಬರೆದಿರುವುದನ್ನು ಮುಂದಿನ ವೈದ್ಯರು ನಂಬುತ್ತಾರೆ, ಅಂಕಿಅಂಶ ಸಂಗ್ರಹಿಸುವವರೂ ನಂಬುತ್ತಾರೆ. ಗೋಪ್ಯತೆ ಇಲ್ಲದ ಕಡೆ ದಾಖಲೆಯೇ ಸುಳ್ಳಾಗುತ್ತದೆ.

ಕಾನೂನಿನಲ್ಲಿಯೇ ಇರುವ ಮಾದರಿ

ವಿಚಿತ್ರವೆಂದರೆ, ದುಭಾಷಿಯನ್ನು ಗೋಪ್ಯತೆಗೆ ಕಟ್ಟಿಹಾಕಬೇಕೆಂಬ ತಿಳಿವಳಿಕೆ ನಮ್ಮ ಕಾನೂನಿಗೆ ನೂರೈವತ್ತು ವರ್ಷಗಳಿಂದ ಇದೆ. ೧೮೭೨ರ ಭಾರತೀಯ ಸಾಕ್ಷ್ಯ ಅಧಿನಿಯಮದ ೧೨೬ನೆಯ ಕಲಮು, ಕಕ್ಷಿದಾರನು ವಕೀಲನಿಗೆ ಹೇಳಿದ್ದನ್ನು ವಕೀಲನು ಹೊರಗೆಡಹಬಾರದೆಂದಿತು. ಅದರ ಬೆನ್ನಿಗೇ ೧೨೭ನೆಯ ಕಲಮು ಅದೇ ನಿರ್ಬಂಧವನ್ನು ದುಭಾಷಿಗಳಿಗೂ, ವಕೀಲರ ಗುಮಾಸ್ತರಿಗೂ ಸೇವಕರಿಗೂ ವಿಸ್ತರಿಸಿತು. ಹಲವು ಭಾಷೆಗಳ ನಾಡಿನಲ್ಲಿ ಕಕ್ಷಿದಾರನಿಗೂ ವಕೀಲನಿಗೂ ನಡುವೆ ಒಬ್ಬರು ನಿಲ್ಲಲೇಬೇಕಾಗುತ್ತದೆಂದು ಆ ಕಾಯ್ದೆಯನ್ನು ಬರೆದವರು ಅರಿತಿದ್ದರು. ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ವಿಧಿಯನ್ನು ಉಳಿಸಿಕೊಂಡಿದೆ. ವಕೀಲನ ಕಚೇರಿಯಲ್ಲಿ ಕುಳಿತ ದುಭಾಷಿಗೆ ಅನ್ವಯಿಸುವ ಈ ನಿಯಮ ವೈದ್ಯನ ಕೋಣೆಯಲ್ಲಿ ಕುಳಿತ ದುಭಾಷಿಗೆ ಅನ್ವಯಿಸುವುದಿಲ್ಲ.

ಇನ್ನೂ ಹತ್ತಿರದ ಮಾದರಿ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ ೨೦೧೨ರ ಕಾಯ್ದೆಯಲ್ಲಿದೆ. ಪೋಕ್ಸೊ ಎಂದು ಕರೆಯಲಾಗುವ ಈ ಕಾಯ್ದೆಯ ಅಡಿಯ ೨೦೨೦ರ ನಿಯಮಾವಳಿಯಂತೆ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವು ದುಭಾಷಿಗಳ ಮತ್ತು ಅನುವಾದಕರ ಪಟ್ಟಿಯೊಂದನ್ನು ಇಟ್ಟುಕೊಂಡಿರಬೇಕು. ಅವರಿಗೆ ಸಂಭಾವನೆ ಸಲ್ಲಬೇಕು. ಅವರು ನಿಷ್ಪಕ್ಷಪಾತಿಗಳಾಗಿರಬೇಕು, ಹಿತಾಸಕ್ತಿಯ ಘರ್ಷಣೆಯಿದ್ದರೆ ತಿಳಿಸಬೇಕು. ಸಾಕ್ಷ್ಯ ಕಾಯ್ದೆಯ ಮೇಲಿನ ಎರಡು ಕಲಮುಗಳ ಗೋಪ್ಯತೆ ಅವರಿಗೂ ಅನ್ವಯಿಸುತ್ತದೆ. ಅರ್ಹತೆಯ ಮಾತು ನಮ್ಮ ಮಟ್ಟಿಗೆ ವಿಶೇಷವಾಗಿ ಗಮನಾರ್ಹ: ಮಗುವಿನ ಭಾಷೆ ದುಭಾಷಿಯ ಮಾತೃಭಾಷೆಯಾಗಿದ್ದರೂ ಸಾಕು, ಪ್ರಾಥಮಿಕ ಹಂತದವರೆಗೆ ಅವನ ಶಿಕ್ಷಣ ಮಾಧ್ಯಮವಾಗಿದ್ದರೂ ಸಾಕು, ಆ ಭಾಷೆಯ ಪ್ರದೇಶದಲ್ಲಿ ವಾಸಿಸಿ ಕಲಿತಿದ್ದರೂ ಸಾಕು. ಹೊಸೂರು, ಜತ್ತ, ಕಾಸರಗೋಡುಗಳ ಕನ್ನಡ ಶಾಲೆಗಳಲ್ಲಿ ಓದಿದ ಯುವಕ ಯುವತಿಯರು ಈ ಅರ್ಹತೆಯನ್ನು ಸಹಜವಾಗಿಯೇ ಪಡೆದಿದ್ದಾರೆ. ನ್ಯಾಯದ ಅಂಗಳಕ್ಕೆ ಒಪ್ಪಿತವಾದ ಈ ವ್ಯವಸ್ಥೆಯನ್ನು ಜಿಲ್ಲಾ ಆಸ್ಪತ್ರೆಗೆ ವಿಸ್ತರಿಸಬೇಕೆಂದು ಕೇಳುವುದು ಇಲ್ಲದ್ದನ್ನು ಕೇಳಿದಂತಾಗದು.

ದಾಖಲೆ ಸೋರುವ ದಾರಿಗಳು

ಮಾತಿನಿಂದ ದಾಖಲೆಯ ಕಡೆಗೆ ಬರೋಣ. ಚಿಕ್ಕ ಚಿಕಿತ್ಸಾಲಯಗಳಲ್ಲಿ ಮಾಹಿತಿ ಸೋರುವುದು ಕಳ್ಳತನದಿಂದಲ್ಲ, ದಿನದ ರೂಢಿಯಿಂದ. ಹೆಸರು ಮತ್ತು ರೋಗ ಒಂದೇ ಸಾಲಿನಲ್ಲಿರುವ ರಿಜಿಸ್ಟರು ಮೇಜಿನ ಮೇಲೆ ತೆರೆದಿರುತ್ತದೆ. ಸಹಿ ಹಾಕುವ ಪ್ರತಿಯೊಬ್ಬರೂ ಮೇಲಿನ ಸಾಲುಗಳನ್ನು ಓದಬಲ್ಲರು. ಔಷಧದ ಕಿಟಕಿಯಲ್ಲಿ ಹೆಸರು ಕೂಗಿ, ಯಾವ ಮಾತ್ರೆ ಎಷ್ಟು ದಿನವೆಂದು ಗಟ್ಟಿಯಾಗಿ ಹೇಳಲಾಗುತ್ತದೆ. ಬೇರೆ ವೈದ್ಯರ ಅಭಿಪ್ರಾಯ ಕೇಳಲು ವರದಿಯ ಚಿತ್ರ ಸಿಬ್ಬಂದಿಯ ಸ್ವಂತ ಮೊಬೈಲಿನಿಂದ ಹೊರಡುತ್ತದೆ. ಇಂತಹ ಕಡೆ ಏನು ಮಾಡಬಹುದೆಂಬುದಕ್ಕೆ ಗರ್ಭಪಾತ ಕುರಿತ ೨೦೦೩ರ ನಿಬಂಧನೆಗಳು ಒಳ್ಳೆಯ ಪಾಠ. ದಾಖಲಾತಿಯ ರಿಜಿಸ್ಟರು ರಹಸ್ಯ ದಸ್ತಾವೇಜು. ಮಹಿಳೆಯ ಹೆಸರು ಅದರಲ್ಲಿ ಮಾತ್ರ ಇರಬೇಕು. ಕೇಸ್ ಶೀಟು, ಶಸ್ತ್ರಚಿಕಿತ್ಸಾ ಕೊಠಡಿಯ ಪುಸ್ತಕ, ಮರುಭೇಟಿಯ ಕಾರ್ಡು ಇವುಗಳಲ್ಲೆಲ್ಲ ಕ್ರಮಸಂಖ್ಯೆ ಮಾತ್ರ. ಒಂದು ಬೀರು, ಒಂದು ಬೀಗ, ಒಂದು ಸಂಖ್ಯೆ ಇಷ್ಟರಲ್ಲಿ ಮುಗಿಯುವ ಈ ಕ್ರಮವನ್ನು ಕ್ಷಯ ಮತ್ತು ಮನೋರೋಗದ ದಾಖಲೆಗಳಿಗೂ ಅಳವಡಿಸಲು ಹೆಚ್ಚಿನ ಹಣ ಬೇಡ.

ಗಡಿನಾಡಿನ ರೋಗಿಗೆ ಇದರ ಮೇಲೆ ಇನ್ನೆರಡು ತೊಡಕುಗಳಿವೆ. ಒಂದು, ಅವನು ರಾಜ್ಯದ ಗೆರೆ ದಾಟಿ ಚಿಕಿತ್ಸೆ ಪಡೆಯುವವನು. ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ರಾಯದುರ್ಗದವರು ಬಳ್ಳಾರಿಗೆ ಹೋಗುವುದು ರಾಜ್ಯಗಳ ಮರುವಿಂಗಡಣೆಗಿಂತ ಹಳೆಯ ಓಡಾಟದ ದಾರಿಗಳಲ್ಲಿ. ೨೦೨೦ರ ವಸಂತದಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ಆಳವಾದುದೆಂದು ನಾಡಿಗೇ ತಿಳಿಯಿತು. ಹೀಗೆ ಓಡಾಡುವವನ ದಾಖಲೆ ಯಾವ ಆಸ್ಪತ್ರೆಯ ಬೀರುವಿನಲ್ಲಿಯೂ ಪೂರ್ತಿಯಾಗಿ ಇರುವುದಿಲ್ಲ. ಅದು ಅವನ ಕೈಯಲ್ಲಿರುವ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ. ಅದರ ಒಂದು ಹಾಳೆ ಇಂಗ್ಲಿಷು, ಇನ್ನೊಂದು ಮಲಯಾಳ ಇಲ್ಲವೇ ತಮಿಳು. ತನ್ನ ರೋಗದ ಹೆಸರನ್ನು ತಾನು ಓದಲಾಗದೆ, ಓದಬಲ್ಲ ನೆರೆಯವರ ಕೈಗೆ ಅದನ್ನು ತಾನೇ ಕೊಡುತ್ತಾನೆ. ೨೦೦೨ರ ನಿಯಮಗಳಂತೆ ರೋಗಿ ಕೇಳಿದರೆ ೭೨ ಗಂಟೆಗಳೊಳಗೆ ದಾಖಲೆ ಒದಗಿಸಬೇಕು. ಆದರೆ ದಾಖಲೆ ಕೈಗೆ ಬಂದ ಮಾತ್ರಕ್ಕೆ ಅದರೊಳಗಿನ ತಿಳಿವಳಿಕೆ ಬರುವುದಿಲ್ಲ.

ಇನ್ನೊಂದು ತೊಡಕು ಹೆಸರಿನದು. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಬಸಮ್ಮ ಎಂಬ ಹೆಸರು ತಮಿಳಿನಲ್ಲಿ ಬರೆಸಿಕೊಂಡು ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಪಸಮ್ಮ ಆಗಬಹುದು. ಹೀಗಾದಾಗ ಒಬ್ಬಳೇ ರೋಗಿಯ ಹೆಸರಿನಲ್ಲಿ ಎರಡು ಕಡತಗಳು ಹುಟ್ಟುತ್ತವೆ. ಹತ್ತಿರದ ಹೆಸರಿನ ಇಬ್ಬರಿದ್ದರೆ ಒಬ್ಬಳ ವರದಿ ಮತ್ತೊಬ್ಬಳ ಕೈಸೇರುತ್ತದೆ. ಇದನ್ನು ಕಾಗುಣಿತದ ತಪ್ಪೆಂದು ತಳ್ಳಿಹಾಕುವಂತಿಲ್ಲ. ಬೇರೆಯವರ ರಕ್ತಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ಕೊಡುವುದು ಗೋಪ್ಯತೆಯ ಭಂಗವೂ ಹೌದು, ಜೀವಕ್ಕೆ ಅಪಾಯವೂ ಹೌದು. ಹೆಸರನ್ನು ರೋಗಿಯ ಮಾತೃಭಾಷೆಯಲ್ಲಿಯೂ ಒಮ್ಮೆ ಬರೆದು, ಹುಟ್ಟಿದ ವರ್ಷ ಮತ್ತು ಊರಿನೊಡನೆ ಹೋಲಿಸಿ ನೋಡುವ ರೂಢಿ ಇದಕ್ಕೆ ಸರಳ ಪರಿಹಾರ.

ಬಯಲಾಗುವುದೇ ಬೇಕಾದಾಗ

ಗೋಪ್ಯತೆಯ ವಾದವನ್ನು ಏಕಮುಖವಾಗಿ ಮುಂದಿಡುವುದು ಸರಿಯಲ್ಲ. ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕನ್ನಡ, ತುಳು ಮಾತನಾಡುವ ಜನರಿರುವ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದ ಹೆಸರು ಆ ದುರಂತದೊಡನೆ ಅಂಟಿಕೊಂಡಿದೆ. ರೋಗಗಳು ಮನೆಮನೆಯ ಗುಟ್ಟಾಗಿಯೇ ಉಳಿದಿದ್ದರೆ ಅವುಗಳ ನಡುವಣ ನಂಟು ಯಾರಿಗೂ ಕಾಣುತ್ತಿರಲಿಲ್ಲ. ದಾಖಲೆಗಳನ್ನು ಒಂದೆಡೆ ಇಟ್ಟು ನೋಡಿದ್ದರಿಂದ, ಕುಟುಂಬಗಳು ಮುಂದೆ ಬಂದು ಹೇಳಿದ್ದರಿಂದ ಹೋರಾಟ ಸಾಧ್ಯವಾಯಿತು. ೨೦೧೭ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ವೈದ್ಯಕೀಯ ಪರಿಶೀಲನೆಯ ಬಳಿಕ ಸಿದ್ಧವಾದ ಪಟ್ಟಿಯಲ್ಲಿ ಹೆಸರಿರುವುದು ಪರಿಹಾರಕ್ಕೆ ಆಧಾರವಾಯಿತು.

ಅದೇ ವೇಳೆ, ಅಂಗವೈಕಲ್ಯವುಳ್ಳ ಮಕ್ಕಳ ಮುಖಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಬೇರೆಯವರು ತನ್ನ ಚಿತ್ರ ತೆಗೆಯಲು ಒಪ್ಪಬೇಕೋ ಬೇಡವೋ ಎಂದು ಹೇಳಲಾಗದ ಮಗುವಿನ ಪರವಾಗಿ ಒಪ್ಪಿಗೆ ಕೊಟ್ಟವರು ಹತಾಶರಾದ ತಂದೆತಾಯಿಗಳು. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ ಬಚ್ಚಿಡಬೇಕೇ ಬಯಲು ಮಾಡಬೇಕೇ ಎಂಬುದಲ್ಲ. ಯಾವುದು, ಯಾರಿಗೆ, ಯಾವ ಉದ್ದೇಶಕ್ಕೆ ತಿಳಿಯಬೇಕೆಂದು ರೋಗಿಯೇ ತನಗೆ ತಿಳಿಯುವ ಭಾಷೆಯಲ್ಲಿ ತೀರ್ಮಾನಿಸಿದ್ದಾನೆಯೇ ಎಂಬುದು ಪ್ರಶ್ನೆ. ಪರಿಹಾರದ ಪಟ್ಟಿಗೆ ಹೆಸರು ಬೇಕು; ಆ ಪಟ್ಟಿ ಪಂಚಾಯತಿಯ ಗೋಡೆಗೆ ರೋಗದ ವಿವರದೊಡನೆ ಅಂಟಬೇಕಾಗಿಲ್ಲ.

ಎಂಟನೆಯ ಅನುಸೂಚಿಯ ಆಸರೆ

ದಾಖಲೆಗಳು ಈಗ ಗಣಕಯಂತ್ರಕ್ಕೆ ಹೋಗುತ್ತಿವೆ. ೨೦೨೧ರ ಸೆಪ್ಟೆಂಬರಿನಲ್ಲಿ ರಾಷ್ಟ್ರವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಅಭಿಯಾನದಡಿ ೧೪ ಅಂಕಿಗಳ ಆಭಾ ಸಂಖ್ಯೆ ಕೊಡಲಾಗುತ್ತಿದೆ. ರಾಜ್ಯದ ಗೆರೆ ದಾಟುವ ರೋಗಿಗೆ ಇದು ಪ್ಲಾಸ್ಟಿಕ್ ಚೀಲಕ್ಕಿಂತ ಅನುಕೂಲ. ಆದರೆ ಸಂದೇಶ ಬರುವುದು ಮೊಬೈಲಿಗೆ. ಮನೆಗೊಂದೇ ಮೊಬೈಲು ಇರುವ ಕಡೆ ಅದು ಯಾರ ಕೈಯಲ್ಲಿದೆಯೋ ಅವರೇ ಆ ದಾಖಲೆಯ ಒಡೆಯರಾಗುತ್ತಾರೆ.

೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಮಗೆ ಮಹತ್ವದ ಅಂಶವೊಂದಿದೆ. ಒಪ್ಪಿಗೆ ಕೇಳುವ ಸೂಚನಾಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ವ್ಯಕ್ತಿಗೆ ಇರಬೇಕು. ಇಲ್ಲಿ ಹಕ್ಕು ರಾಜ್ಯದ ಆಡಳಿತ ಭಾಷೆಗೆ ಅಂಟಿಕೊಂಡಿಲ್ಲ. ಅಕ್ಕಲಕೋಟೆಯ ಕನ್ನಡಿಗ ಮರಾಠಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಾಗಿಲ್ಲ. ಕನ್ನಡದ ಪತ್ರವನ್ನು ಕೇಳಬಹುದು. ಆದರೆ ಇದರ ಮಿತಿಗಳೂ ಸ್ಪಷ್ಟ. ಕಾಯ್ದೆ ಡಿಜಿಟಲ್ ರೂಪದ ದತ್ತಾಂಶಕ್ಕೆ ಮಾತ್ರ. ಮೇಜಿನ ಮೇಲಿನ ರಿಜಿಸ್ಟರು ಅದರ ಹೊರಗೆ. ತುರ್ತು ಚಿಕಿತ್ಸೆ, ಸಾಂಕ್ರಾಮಿಕದ ಕಾಲದ ಆರೋಗ್ಯ ಸೇವೆ, ಸರ್ಕಾರಿ ಸವಲತ್ತು ಮುಂತಾದ ಸಂದರ್ಭಗಳಲ್ಲಿ ಒಪ್ಪಿಗೆಯಿಲ್ಲದೆಯೂ ಬಳಸಲು ಅವಕಾಶವಿದೆ. ೨೦೨೫ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಹಂತಹಂತವಾಗಿ ಜಾರಿಗೆ ಬರುವಂಥವು. ಕಾಸರಗೋಡಿನ ತುಳುವರಿಗೂ ನೀಲಗಿರಿಯ ಬಡಗರಿಗೂ ಎಂಟನೆಯ ಅನುಸೂಚಿಯಲ್ಲಿ ಸ್ಥಾನವಿಲ್ಲದ್ದರಿಂದ ಈ ಆಸರೆಯೂ ಇಲ್ಲ.

ಮಾಡಬಹುದಾದದ್ದು

ಕನ್ನಡಿಗರು ಗಣನೀಯವಾಗಿರುವ ಗಡಿ ತಾಲೂಕುಗಳ ಚಿಕಿತ್ಸಾಲಯಗಳಲ್ಲಿ ಕೆಲವು ಕ್ರಮಗಳು ಕೂಡಲೇ ಸಾಧ್ಯ. ಪೋಕ್ಸೊ ನಿಯಮಾವಳಿಯ ಮಾದರಿಯಲ್ಲಿ ಜಿಲ್ಲಾ ಆಸ್ಪತ್ರೆಯು ಕನ್ನಡ ದುಭಾಷಿಗಳ ಪಟ್ಟಿಯನ್ನಿಟ್ಟು, ಅವರಿಂದ ಗೋಪ್ಯತೆಯ ಲಿಖಿತ ಪ್ರಮಾಣ ಪಡೆಯಬೇಕು. ಅವರಲ್ಲಿ ಹೆಂಗಸರು ಸಾಕಷ್ಟು ಇರಬೇಕು. ದುಭಾಷಿ ಅದೇ ಊರಿನವರಾಗಿದ್ದರೆ ದೂರವಾಣಿಯ ಮೂಲಕ ಬೇರೆ ಊರಿನವರ ನೆರವು ಪಡೆಯಬಹುದು. ಆಗ ರೋಗಿಯ ಹೆಸರನ್ನು ಹೇಳಬೇಕಾದ ಅಗತ್ಯವೇ ಇಲ್ಲ. ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸುವುದು ತುರ್ತು ಸಂದರ್ಭಕ್ಕೆ ಮಾತ್ರ ಸೀಮಿತವಾಗಬೇಕು. ಮನೆಯವರು ಜೊತೆಗಿರಬೇಕೆಂದು ರೋಗಿಯೇ ಬಯಸಿದರೆ ಇರಲಿ. ಆದರೆ ಆ ಪ್ರಶ್ನೆಯನ್ನು ಅವರನ್ನು ಹೊರಗೆ ಕೂರಿಸಿ ಕೇಳಬೇಕು. ಯಾರ ಮೂಲಕ ಮಾತು ಬಂದಿತೆಂಬುದನ್ನು ಕೇಸ್ ಶೀಟಿನಲ್ಲಿ ಒಂದು ಸಾಲಿನಲ್ಲಿ ಬರೆದರೆ, ಅದನ್ನು ಎಷ್ಟು ನಂಬಬಹುದೆಂದು ಮುಂದಿನ ವೈದ್ಯರಿಗೆ ತಿಳಿಯುತ್ತದೆ.

ಇವುಗಳಲ್ಲಿ ಒಂದು ಪಾಲು ನಮ್ಮಂಥವರದ್ದು. ಸೊಲ್ಲಾಪುರದ ಕನ್ನಡದಲ್ಲಿ, ಕಾಸರಗೋಡಿನ ಕನ್ನಡದಲ್ಲಿ, ವಯನಾಡಿನ ಕನ್ನಡ ಮೂಲದ ಸಮುದಾಯಗಳ ಮಾತಿನಲ್ಲಿ ನೋವಿಗೆ, ಬೇನೆಗೆ, ಮನಸ್ಸಿನ ಕಳವಳಕ್ಕೆ ಜನ ಬಳಸುವ ಪದಗಳ ಕೋಶವೊಂದನ್ನು ನೆರೆಭಾಷೆಯ ಸಮಾನಪದಗಳೊಡನೆ ಸಿದ್ಧಪಡಿಸುವುದು ಭಾಷಾ ಸಂಶೋಧಕರ ಕೆಲಸ. ಒಪ್ಪಿಗೆಯ ಪತ್ರಗಳನ್ನು ಆಡಳಿತ ಕನ್ನಡದ ಬದಲು ಓದಿ ಹೇಳಿದರೆ ಅರ್ಥವಾಗುವ ಕನ್ನಡದಲ್ಲಿ ಬರೆಯುವುದೂ ನಮ್ಮದೇ. ಗಡಿಯಾಚೆಯ ಕನ್ನಡದ ಚರ್ಚೆ ಶಾಲೆ, ನಾಮಫಲಕ, ಪಠ್ಯಪುಸ್ತಕ, ನೌಕರಿಗಳ ಸುತ್ತ ನಡೆದಿದೆ, ಅದು ನಡೆಯಬೇಕಾದದ್ದೇ. ಅದರ ಜೊತೆಗೆ ಚಿಕಿತ್ಸಾಲಯವೂ ಸೇರಿಕೊಳ್ಳಬೇಕು. ತಾಳವಾಡಿಯ ಆ ತಾಯಿಗೆ ಬೇಕಾಗಿದ್ದದ್ದು ಮಗನಲ್ಲದ, ನೆರೆಯವಳಲ್ಲದ, ಕೇಳಿದ್ದನ್ನು ಅಲ್ಲೇ ಬಿಟ್ಟುಹೋಗುವ ಒಬ್ಬ ಕನ್ನಡ ಬಲ್ಲ ಹೆಂಗಸು ಮಾತ್ರ.